ಕಂಬಳಿಯ ಕೆಳಗಿನ ಚೀಸ್ ಹಲಗೆ

ಲಾಟ್ವಿಯಾದ ಹಾಲು ಪರಿವೀಕ್ಷಣೆಯ ಕ್ಷೇತ್ರದಲ್ಲಿ ಕಾಯಿದೆ ಬಲ್ಲವರಿಗೆ ಕೊರತೆಯಿಲ್ಲ. ಆದರೆ ಕಾಯಿದೆಯನ್ನೂ ಬಲ್ಲ, ಅದು ಯಾರ ಅಡುಗೆಮನೆಗೆ ಹೋಗಿ ತಟ್ಟುತ್ತದೆಂಬುದನ್ನೂ ಬಲ್ಲ ಹಿರಿಯರೆಂದರೆ, ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ವೆಲ್ಟಾ ಗ್ರಾವೀಟೆಯವರು. ಮೂವತ್ತೆಂಟು ವರ್ಷ ಮನೆಮನೆ ಸುತ್ತಿ, ಎಲ್ಲ ಕಡೆಯೂ ಕಾಫಿ ಕುಡಿದು, ಒಂದು ತುಂಡು ಚೀಸನ್ನೂ ಬಿಟ್ಟಿಯಾಗಿ ಒಯ್ಯದ ಇವರನ್ನು ಅಭಿನಂದಿಸುವಾಗ, ಅವರದೇ ಒತ್ತಾಯದಂತೆ, ಅವರ ಒಂದು ತಪ್ಪಿನಿಂದ ತೊಡಗಬೇಕಾಗಿದೆ.

ದೇಶವು ಯುರೋಪ್ ಒಕ್ಕೂಟವನ್ನು ಸೇರಿದ ಎರಡು ಸಾವಿರದ ನಾಲ್ಕರ ಮೇ ತಿಂಗಳು. ಹೊಸ ನಿಯಮಗಳ ಅನುವಾದ ಕಂತುಕಂತಾಗಿ ಬರುತ್ತಿತ್ತು. ಮರದ ಸಾಮಾನು ಕೂಡದೆಂದು ಮೊದಲ ಕಂತಿನಲ್ಲಿ ಓದಿಕೊಂಡ ವೆಲ್ಟಾ ಅವರು, ಮುಂದಿನದಕ್ಕೆ ಕಾಯದೆ, ಮೂರು ಹಸು ಸಾಕಿ ಬದುಕುತ್ತಿದ್ದ ಮಿರ್ದ್ಜಾ ಎಂಬ ವಿಧವೆಯ ಮನೆಗೆ ಹೋದರು. ಜೂನ್ ತಿಂಗಳ ಯಾನಿ ಹಬ್ಬಕ್ಕೆ ಜೀರಿಗೆ ಹಾಕಿದ ಚೀಸನ್ನು ಬಟ್ಟೆಯಲ್ಲಿ ಕಟ್ಟಿ, ಓಕ್ ಹಲಗೆಯಡಿ ಒತ್ತಿ, ಸಂತೆಯಲ್ಲಿ ಮಾರುವುದೇ ಆಕೆಯ ಜೀವನ.

"ಹಲಗೆ ಒಲೆಗೆ ಹಾಕ್ಬಿಡಿ, ಸ್ಟೀಲಿಂದು ತಗೊಳ್ಳಿ. ಇಲ್ಲಾಂದ್ರೆ ನಾನು ಮುದ್ರೆ ಒತ್ತೋಕಾಗಲ್ಲ."

"ನಮ್ಮತ್ತೆ ಕಾಲದ ಹಲಗೆ ಕಣಮ್ಮ ಇದು! ಇಷ್ಟ್ ವರ್ಷ ಯಾರಿಗ್ ಹೊಟ್ಟೆನೋವ್ ಬಂದಿದೆ ಹೇಳು?"

ಆಮೇಲೆ ಮೂರು ಸಲ ಹೋದಾಗಲೂ "ಸುಟ್ಟಾಯ್ತು" ಎಂಬ ಉತ್ತರವೇ ಸಿಕ್ಕಿತು. ಪರಿವೀಕ್ಷಕಿ ಒಲೆಯ ಪಕ್ಕದ ಕಂಬಳಿ ಹಾಸಿದ ಬೆಂಚಿನ ಮೇಲೆ ಕುಳಿತು ಕಾಫಿ ಕುಡಿದು ಬಂದರು. ಇತ್ತ ಸ್ಟೀಲಿಗೆ ದುಡ್ಡಿಲ್ಲದೆ, ಮಾರಲು ಮುದ್ರೆಯಿಲ್ಲದೆ ಚೀಸು ನಿಂತಿತು. ಹಬ್ಬದ ಮರುದಿನ ಹಸುಗಳನ್ನು ಒಯ್ಯಲು ದಲ್ಲಾಳಿಯೊಬ್ಬ ಮಾತಾಡಿ ಹೋದ.

ಹಬ್ಬಕ್ಕೆ ಎರಡು ದಿನವಿರುವಾಗ ಮುಂದಿನ ಕಂತು ಬಂತು. ಸಾಂಪ್ರದಾಯಿಕ ತಿನಿಸಿಗೆ, ಶುಚಿಯಾಗಿಟ್ಟರೆ, ಮರವೂ ಸಲ್ಲುತ್ತದೆಂದು ಅದರಲ್ಲಿತ್ತು. ಒಂದು ಕಾಗದ ಕಳಿಸಿ ಸುಮ್ಮನಿರಬಹುದಿತ್ತು. ವೆಲ್ಟಾ ಅವರು ಹಾಗೆ ಮಾಡದೆ, ಊರ ಹೆಂಗಸರೆಲ್ಲ ಓಕ್ ಎಲೆಯ ಮಾಲೆ ಕಟ್ಟುತ್ತಿದ್ದ ಹಬ್ಬದ ಬೆಳಿಗ್ಗೆ ಮಿರ್ದ್ಜಾರ ಅಂಗಳದಲ್ಲಿ ನಿಂತು, "ತಪ್ಪು ನಂದೇ. ಪೂರ್ತಿ ಓದ್ದೆ ಹೇಳ್ಬಿಟ್ಟೆ" ಎಂದರು. ಯಾನಿ ಹಬ್ಬದಲ್ಲಿ ಎದುರಿಗೆ ಸಿಕ್ಕವರನ್ನು ಹಾಡಿನಲ್ಲೇ ಹಂಗಿಸುವುದು ನಮ್ಮ ವಾಡಿಕೆ. ಆ ಹೆಂಗಸರು ಬಿಡುತ್ತಾರೆಯೇ?

"ಇನ್‌ಸ್ಪೆಕ್ಟ್ರಮ್ಮ ಬಂದ್ಳು ನೋಡಿ, ಪುಸ್ತಕ ಅರ್ಧ ಓದ್ಕೊಂಡು;
ಚೀಸೇ ಇಲ್ದಂಗ್ ಮಾಡಿಟ್ಲು, ಕಾಫಿ ಪೂರ್ತಿ ಕುಡ್ಕೊಂಡು!"

ತಲೆತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡ ಅವರು, ಹೊಸ ಓಕ್ ಹಲಗೆ ತಾವೇ ಮಾಡಿಸಿಕೊಡುವುದಾಗಿ ಹೇಳಿದರು. ಮಿರ್ದ್ಜಾ ಒಳಗೆ ಕರೆದೊಯ್ದು ಬೆಂಚಿನ ಕಂಬಳಿ ಎಳೆದರು.

"ಯಾರ್ ಸುಟ್ರು? ಮೂರ್ ಸಲ ಇದರ್ ಮೇಲೇ ಕೂತಿದ್ಯಲ್ಲ, ಚುಚ್ಚಲಿಲ್ವಾ?"

ಅಂದು ಸಂಜೆಗೆ ಚೀಸು ಸಿದ್ಧವಾಯಿತು; ಮರುದಿನ ದಲ್ಲಾಳಿ ಬರಿಗೈಯಲ್ಲಿ ಮರಳಿದ.

ಒಕ್ಕೂಟ ಸೇರಿದ್ದರಿಂದ ನಮ್ಮಲ್ಲಿ ಹನ್ನೊಂದು ಮನೆಯವರು ಹಸು ಮಾರಿದರೆಂಬುದನ್ನು ವೆಲ್ಟಾ ಅವರು ಎಂದೂ ಮುಚ್ಚಿಟ್ಟವರಲ್ಲ. ಉಳಿದ ಮನೆಗಳ ಚೀಸು ಇಂದು ಯಾವ ಗಡಿಯಲ್ಲೂ ತಡೆಯಿಲ್ಲದೆ ಎಸ್ಟೋನಿಯಾದ ಸಂತೆಗೆ ಹೋಗುತ್ತಿದ್ದರೆ, ಅದು ಆ ಹಬ್ಬದ ನಂತರ ಪ್ರತಿ ನಿಯಮವನ್ನೂ ಕೊನೆಯ ಪುಟದವರೆಗೆ ಓದಿ, ನಮ್ಮಿಂದಲೂ ಓದಿಸಿದ ಅವರಿಂದ. ಅವರ ಋಣ ನಮ್ಮ ಮೇಲಿದೆ.

ಎಂಬತ್ತೆರಡರ ಮಿರ್ದ್ಜಾ ಈಗ ಆ ಹಲಗೆಯನ್ನು ವೆಲ್ಟಾ ಅವರಿಗೇ ಕೊಟ್ಟಿದ್ದಾರೆ. ಬರುವ ಹಬ್ಬದಿಂದ ಅವರೂ ಚೀಸು ಮಾಡುವರಂತೆ. ವೆಲ್ಟಾ ಅವರು ಇನ್ನೂ ಹಲವು ಯಾನಿ ಹಬ್ಬಗಳನ್ನು ಕಾಣಲಿ, ಕೈಯ ಕಸುವು ಕುಗ್ಗದಿರಲಿ. ಅವರ ಮನೆಗೆ ಮುದ್ರೆ ಒತ್ತಲು ಹೋಗುವ ಸರದಿ ಅವರ ಸ್ಥಾನಕ್ಕೆ ಬಂದ ಈ ಲೇಖಕಿಯದು. ಕಾಫಿ ಕುಡಿಯುತ್ತೇನೆ, ಕೂರುವ ಮುನ್ನ ಕಂಬಳಿ ಎತ್ತಿ ನೋಡುತ್ತೇನೆ.