ಟೇಪಿಗೆ ಸಿಗದ ಅಳು

ದಾಂಡೇಲಿಯ ನಮ್ಮ ಕಾಲೇಜಿನಲ್ಲಿ ಆಗ ಸಸ್ಯಶಾಸ್ತ್ರದವರು ಅಣಶಿಯ ಕಾಡಿನಿಂದ ಎಲೆ ತಂದು ಒಣಗಿಸುತ್ತಿದ್ದರು. ಕನ್ನಡದ ಮಾಸ್ತರರು ಹಳ್ಳಿಗಳಿಂದ ಅಳು ತರುತ್ತಿದ್ದರು. ಸತ್ತವರ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವುದೇ ಅವರ ಸಂಶೋಧನೆ. ಅದನ್ನು ಸಂಶೋಧನೆ ಎಂದು ಒಪ್ಪಿದವರು ನಮ್ಮಲ್ಲಿ ಕಡಿಮೆ. ಮಾಸ್ತರರು ಟೇಪ್‌ರೆಕಾರ್ಡರಿನ ಸೆಲ್ಲುಗಳನ್ನು ಸ್ಟಾಫ್‌ರೂಮಿನ ಕಿಟಕಿಯಲ್ಲಿ ಬಿಸಿಲಿಗಿಟ್ಟು ಹಪ್ಪಳದಂತೆ ಹೊರಳಿಸುತ್ತಿದ್ದರು. ಯಾರು ಏನೇ ಹೇಳಲಿ, ಕನ್ನಡಕ ಹಣೆಗೇರಿಸಿ, “ಇನ್ನೊಮ್ಮೆ ಹೇಳ್ರಿ” ಅನ್ನುವುದು ಅವರ ರೂಢಿ.

ಒಮ್ಮೆ ಅವರ ಜೊತೆ ಹಳಿಯಾಳದ ಹತ್ತಿರದ ಹಳ್ಳಿಗೆ ಹೋಗಿದ್ದೆ. ಕಾಡಿನಲ್ಲಿ ಮರ ಮೈಮೇಲೆ ಬಿದ್ದು ಒಬ್ಬ ಕೂಲಿಯವ ಸತ್ತಿದ್ದ. ತಾಯಿ ಹೆಣದ ಮುಂದೆ ಹಾಡಿ ಹಾಡಿ ಅಳುತ್ತಿದ್ದಳು. ನಡುವೆಯೇ ಸೆಲ್ಲು ಇಳಿದು ಟೇಪು ನಿಂತಿತು. ಮಾಸ್ತರರು ಬೇರೆ ಸೆಲ್ಲು ಹಾಕಿ, ಮೈಕು ಮುಂದೆ ಹಿಡಿದು, “ಅವ್ವಾ, ಇನ್ನೊಮ್ಮೆ ಹೇಳ್ರಿ” ಎಂದರು.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. “ನನ್ನ ಮಗ ಇನ್ನೊಮ್ಮೆ ಸಾಯ್ಬೇಕೇನ್ರಿ ಸರ?”

ಆಮೇಲೂ ಮಾಸ್ತರರು ಟೇಪ್‌ರೆಕಾರ್ಡರಿಲ್ಲದೆ ಆ ಮನೆಗೆ ಹೋಗಿ ಬರುತ್ತಿದ್ದರಂತೆ. ನನಗೆ ತಿಳಿದದ್ದು ತಡವಾಗಿ.

ಮರುವರ್ಷ ಅವರ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು. ದಾಂಡೇಲಿಯ ಬಂಗೂರನಗರದ ಅವರ ಮನೆಯಲ್ಲಿ ದನಿ ತೆಗೆದು ಅಳುವವರೇ ಇರಲಿಲ್ಲ. ನಾವು ಸಹೋದ್ಯೋಗಿಗಳೆಲ್ಲ ಕೈಕಟ್ಟಿ ನಿಂತಿದ್ದೆವು. ಹಳಿಯಾಳದ ಕಡೆಯ ಆ ತಾಯಿಗೆ ಸುದ್ದಿ ಯಾರು ಮುಟ್ಟಿಸಿದರೋ, ಬಂದವಳೇ ಹೆಣದ ತಲೆಯ ಬಳಿ ಕೂತು ಹಾಡತೊಡಗಿದಳು. ಟೇಪ್‌ರೆಕಾರ್ಡರು ಕಪಾಟಿನ ಮೇಲೆಯೇ ಇತ್ತು. ಯಾರೂ ಅದನ್ನು ಮುಟ್ಟಲಿಲ್ಲ.

ಆಕೆ ನಿಲ್ಲಿಸಿದಾಗ ಮಾಸ್ತರರು ತಲೆ ಎತ್ತದೆ, “ಇನ್ನೊಮ್ಮೆ ಹೇಳ್ರಿ” ಎಂದರು.

ಆಕೆ ಮೊದಲಿನಿಂದ ಸುರು ಮಾಡಿದಳು.