ಮುಧೋಳದ ಮರಿ ತಂದಿದ್ದು

ಬಾಗಲೂರಿನಲ್ಲಿ ಮುಧೋಳ ನಾಯಿ ಸಾಕಿ ಮರಿ ಮಾರುವ ಬಾಗಲಕೋಟೆ ಕಡೆಯ ಅಕ್ಕ ಒಬ್ಬರಿದ್ದಾರೆ. ಮರಿ ತರೋಕೆ ಹೋದವನು ಮೊದಲು ನೋಡಿದ್ದು ತಾಯಿನಾಯಿಯನ್ನ. ಪಕ್ಕೆಲುಬು ಎಣಿಸಬಹುದಿತ್ತು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ, "ಇದಕ್ಕೆ ಊಟ ಹಾಕಲ್ವೇನ್ರೀ?" ಅಂದುಬಿಟ್ಟೆ.

ಅಕ್ಕ ಮುಖ ಗಂಟು ಹಾಕಿಕೊಂಡರು. "ಬರ್ರಿ ಇಲ್ಲೆ" ಅಂತ ಹಿಂದಿನ ಬಯಲಿಗೆ ಕರೆದೊಯ್ದು ನಾಯಿಯ ಹಗ್ಗ ಬಿಚ್ಚಿದರು.

ಅದು ಓಡಿತು ಅಂದರೆ ಸುಳ್ಳಾಗುತ್ತೆ. ಬೆನ್ನು ಬಿಲ್ಲಿನ ಹಾಗೆ ಬಾಗಿ ಬಿಚ್ಚಿಕೊಳ್ತಿತ್ತು, ನಾಲ್ಕೂ ಕಾಲು ನೆಲ ಬಿಟ್ಟಿದ್ದವು. ಬಯಲಿನ ಆ ತುದಿ ಮುಟ್ಟಿ ಬಂದು ಎದುರು ನಿಂತಾಗಲೂ ನಾನು ತೆರೆದ ಬಾಯಿ ಮುಚ್ಚಿರಲಿಲ್ಲ. ಇಂಥದ್ದನ್ನ ಬರೀ ನಾಯಿ ಅಂತ ಕರೆಯೋಕೆ ಮನಸ್ಸಾದರೂ ಹೇಗೆ ಬರುತ್ತೆ ಅನ್ನಿಸಿತು.

"ನಿಮ್ಮ ಮನಿ ಎಲ್ಲಿ?"

"ವಿದ್ಯಾರಣ್ಯಪುರ. ಎರಡನೇ ಮಹಡಿ."

"ಮತ್ತ ಇದನ್ನ ಎಲ್ಲಿ ಓಡಸ್ತೀರಿ?" ಮರಿಯನ್ನ ಎದೆಗವಚಿಕೊಂಡೇ ಕೇಳಿದರು.

ಕೊಡಲ್ಲ ಅಂದುಬಿಟ್ಟರೆ ಅಂತ ಭಯವಾಯಿತು. "ದಿನಾ ಪುಟ್ಟೇನಹಳ್ಳಿ ಕೆರೆ ಹತ್ರ ನಾನೇ ಜೊತೇಲಿ ಓಡ್ತೀನಿ" ಅಂದೆ. ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಅನುಮಾನದಿಂದಲೇ ಮರಿ ಕೊಟ್ಟರು.

ವರ್ಷವಾಯಿತು. ಮೊನ್ನೆ ಅಕ್ಕನಿಗೆ ನಮ್ಮಿಬ್ಬರ ಫೋಟೊ ಕಳಿಸಿದೆ. ಉತ್ತರ ತಕ್ಷಣ ಬಂತು: "ನಾಯಿ ಚಲೋ ಐತಿ. ನೀವ್ ಭಾಳ ಸೊರಗೀರಲ್ರಿ, ಮನ್ಯಾಗ ಊಟ ಹಾಕಂಗಿಲ್ಲೇನು?"