ದಾನ ಕೊಟ್ಟ ಚಪ್ಪಲಿ ಟಿ.ವಿ.ಯಲ್ಲಿ

ಸತ್ತವರಿಗೆ ಹೆದರುವ ಹೆಂಗಸು ನಾನಲ್ಲ. ನಮ್ಮ ಮನೆಯವರು ಬದುಕಿದ್ದಾಗಲೇ ನಾನು ಅವರಿಗೆ ಹೆದರಿದವಳಲ್ಲ; ಹೋದ ಮೇಲೆ ಹೆದರಲು ಏನಿದೆ? ಆದರೂ ಒಂದು ಮಧ್ಯಾಹ್ನ ಊಟ ಮುಗಿಸಿ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಟಿ.ವಿ. ಮುಂದೆ ಕೂತಾಗ ನನ್ನ ದವಡೆ ತಾನಾಗಿಯೇ ನಿಂತಿತು. ಟಿ.ವಿ.ಯಲ್ಲಿ ಅವರ ಚಪ್ಪಲಿ ಇದ್ದವು. ಎಡಗಾಲಿನದಕ್ಕೆ ಖಡಕಿ ಬಜಾರಿನ ಚಮ್ಮಾರ ಕೆಂಪು ದಾರದಲ್ಲಿ ಹಾಕಿದ ಹೊಲಿಗೆ. ಕಪ್ಪು ಚಪ್ಪಲಿಗೆ ಕೆಂಪು ದಾರ ಯಾಕೆಂದು ನಾನೇ ಅವನ ಜತೆ ಜಗಳವಾಡಿದ್ದೆ. ಚಪ್ಪಲಿಯೊಳಗೆ ಕಾಲುಗಳೂ ಇದ್ದವು. ಬಹಳ ದೂರದಿಂದ ನಡೆದು ಬಂದ ಹಾಗೆ ಮಣ್ಣಾಗಿದ್ದವು.

ನಮ್ಮ ಟಿ.ವಿ.ಯ ಚಾಳಿ ಹೇಳಿಬಿಡುತ್ತೇನೆ. ನೋಡುವವರಿಲ್ಲದಾಗ ಅದು ಸುಮ್ಮನಿರುವುದಿಲ್ಲ, ಮನೆಯ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತ ಕೂರುತ್ತದೆ. ಆ ಏರ್ಪಾಡು ಮಾಡಿದವರು ನಮ್ಮ ಮನೆಯವರೇ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಇವರಿಗೆ ಫೋನಿನ ಹುಚ್ಚು ಹಿಡಿದಿತ್ತು. ಊಟವಾದ ಮೇಲೆ ಹೊರಗೆ ಹೋಗಿ ಕರೆಂಟಿನ ಮೀಟರು, ಬಸ್ಸಿನ ಬೋರ್ಡು, ಗ್ಯಾಸ್ ಸಿಲಿಂಡರು, ಕಂಡದ್ದರದೆಲ್ಲ ಫೋಟೋ ಹಿಡಿದು ತರುತ್ತಿದ್ದರು. ಮನುಷ್ಯರನ್ನು ಮಾತ್ರ ಹಿಡಿಯುತ್ತಿರಲಿಲ್ಲ. ತಮ್ಮ ಫೋನು, ನನ್ನ ಫೋನು, ಟಿ.ವಿ., ಮೂರಕ್ಕೂ ಒಂದೇ ಖಾತೆ ಮಾಡಿಟ್ಟಿದ್ದರು, ರೇಶನ್ ಕಾರ್ಡಿನ ಹಾಗೆ.

ಇವರು ಹೋದಾಗ ಕಾಗೆ ಪಿಂಡವನ್ನು ಇಟ್ಟ ಕೂಡಲೇ ಮುಟ್ಟಿತು. ಯಾವ ಆಸೆಯೂ ಉಳಿದಿಲ್ಲ ಎಂದು ಎಲ್ಲರೂ ಅಂದರು. ಹದಿಮೂರನೆಯ ದಿನ ಕೊಡೆ, ಚಪ್ಪಲಿ, ಕೋಲು, ತಂಬಿಗೆ ದಾನ ಕೊಡುವಾಗ ಭಟ್ಟರು, "ಅವರು ಭಾಳ ಹಚ್ಚಿಕೊಂಡಿದ್ದು ಏನರ ಇದ್ರ ಅದನ್ನೂ ಕೊಡ್ರಿ" ಎಂದರು. ಫೋನು ಕೊಟ್ಟೆವು. ತೆಗೆದುಕೊಂಡವನು ಸಾಬಣ್ಣ. ಯಾದಗಿರಿ ಕಡೆಯವನು, ಇವರದೇ ವಯಸ್ಸು, ನಮ್ಮ ಗಲ್ಲಿಯಲ್ಲಿ ಏಳುತ್ತಿದ್ದ ಕಟ್ಟಡದ ವಾಚಮನ್. ಇವರು ದಿನಾ ಅವನ ಜತೆ ಚಹಾ ಕುಡಿದು, ಈ ಮರಾಠಿ ಊರಿನಲ್ಲಿ ಹೊಟ್ಟೆ ತುಂಬ ಕನ್ನಡ ಮಾತಾಡಿ ಬರುತ್ತಿದ್ದರು. ಕೊಡುವ ಮೊದಲು ನನ್ನ ಸೊಸೆ ವೀಣಾ ಫೋನಿನಿಂದ ಸಿಮ್ ತೆಗೆದಳು. ಸಿಮ್ ಎಂದರೆ ಜೀವ, ಅದನ್ನು ತೆಗೆದ ಮೇಲೆ ಉಳಿಯುವುದು ಬರೀ ಡಬ್ಬಿ ಎಂದೇ ನಾವೆಲ್ಲ ತಿಳಿದಿದ್ದೆವು. ಕೊಟ್ಟದ್ದನ್ನು ಮರಳಿ ಕೇಳಬಾರದು, ಕೊಟ್ಟು ಬರುವಾಗ ತಿರುಗಿ ನೋಡಬಾರದು ಎಂಬುದು ನಮ್ಮ ಮನೆತನದ ಪದ್ಧತಿ. ನೋಡಲಿಲ್ಲ. ಮುಂದೆ ಆ ಕಟ್ಟಡ ಮುಗಿದು ಸಾಬಣ್ಣ ಎಲ್ಲಿಗೋ ಹೋದ.

ಹಾಗಾಗಿ ಚಪ್ಪಲಿ ಸಾಬಣ್ಣನ ಕಾಲಲ್ಲಿವೆ ಎಂದು ನನಗೆ ಗೊತ್ತಿತ್ತು. ಆದರೆ ಆ ಕಾಲು ನಮ್ಮ ಟಿ.ವಿ.ಗೆ ಹೇಗೆ ಬಂತು? ಮರುದಿನ ಇಟ್ಟಿಗೆಯ ರಾಶಿಯ ಮೇಲೆ ಇವರ ಕೊಡೆ ಬಂತು, ಬಿಚ್ಚಿಕೊಂಡು, ಕೆಳಗೆ ಯಾರೂ ಇಲ್ಲದೆ. ಅದರ ಮರುದಿನ ಇವರ ಕೋಲು, ಗೋಡೆಗೆ ಒರಗಿ. ಎಲ್ಲವೂ ಮಧ್ಯಾಹ್ನ ಊಟವಾದ ಮೇಲೆ, ಇವರು ಫೋಟೋ ಹಿಡಿಯುತ್ತಿದ್ದ ಹೊತ್ತಿಗೆ ಸರಿಯಾಗಿ. ಹೋದವರು ನಾವು ಕೊಟ್ಟ ಸಾಮಾನಿನ ಪಟ್ಟಿ ಒಪ್ಪಿಸುತ್ತಿದ್ದ ಹಾಗಿತ್ತು. ನಾನು ಯಾರಿಗೂ ಹೇಳಲಿಲ್ಲ. ಎಪ್ಪತ್ತು ದಾಟಿದ ಮುದುಕಿ ಇಂಥದ್ದು ಹೇಳಿದರೆ ಮೊದಲು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ.

ಕಡೆಗೆ ವೀಣಾಳೇ ಒಂದು ಭಾನುವಾರ ನೋಡಿ, ಹಣೆ ಹಣೆ ಬಡಿದುಕೊಂಡಳು. "ಅಯ್ಯ ಅತ್ಯಾರ, ಸಿಮ್ ಅಷ್ಟ ತಗದು ಖಾತೆ ತಗೀಲಿಕ್ಕೆ ಮರತೇ ಬಿಟ್ಟೀನಿ! ಸಾಬಣ್ಣ ತಗದ ಫೋಟೋ ಎಲ್ಲಾ ಮಾವನ ಖಾತೆಗೆ ಬಂದು ಬೀಳಾಕತ್ತಾವ."

"ಎಲ್ಲೆ ಬೀಳಾಕತ್ತಾವ?"

"ಕ್ಲೌಡ್‌ನ್ಯಾಗ್ರಿ."

"ಅದು ಎಲ್ಲೆ ಅದ?"

ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆ. ಸ್ವಲ್ಪ ಯೋಚಿಸಿ, "ಯಾರಿಗೂ ಗೊತ್ತಿಲ್ರಿ" ಎಂದಳು. ನನಗೆ ಸಮಾಧಾನವಾಯಿತು. ಹೋದವರು ಎಲ್ಲಿದ್ದಾರೆ ಎಂದು ಕೇಳಿದಾಗ ಭಟ್ಟರೂ ಇಷ್ಟು ನೇರವಾಗಿ ಹೇಳಿರಲಿಲ್ಲ.

ಈ ಕ್ಲೌಡ್ ಎಂಬ ಅಟ್ಟದಿಂದ ಜನರಿಗೆ ಬೇಕಾದದ್ದಾದರೂ ಏನು? ನಾನು ಕಲಿತವಳಲ್ಲ, ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಆದರೆ ಸಾಮಾನು ಇಟ್ಟು ತೆಗೆದು ಗೊತ್ತಿರುವವಳು. ಇಟ್ಟದ್ದು ಇಟ್ಟಲ್ಲೇ ಇರಬೇಕು. ಕರೆದಾಗ ಬರಬೇಕು, ಕರೆಯದಾಗ ಬರಬಾರದು. ಬಿಸಾಡಿದ್ದು ಹೋಗಬೇಕು. ಉಪ್ಪಿನಕಾಯಿಯ ಭರಣಿಯೂ ಇಷ್ಟನ್ನು ಪಾಲಿಸುತ್ತದೆ. ಪಕ್ಕದ ಮನೆಯ ಮರಾಠಿ ಕಾಕುವನ್ನು ಕೇಳಿದೆ. ಅವಳು, "ಸಗಳ ಅಸಾಯಲಾ ಹವ, ಪಣ ಕುಣಾಲಾ ದಿಸಾಯಲಾ ನಕೋ" ಎಂದಳು. ಎಲ್ಲವೂ ಇರಬೇಕಂತೆ, ಯಾರಿಗೂ ಕಾಣಬಾರದಂತೆ. ಅದು ಫೋಟೋದ ಮಾತೋ ಅವಳ ಬಂಗಾರದ ಮಾತೋ ನಾನು ಕೇಳಲಿಲ್ಲ. ವೀಣಾಳಿಗೆ ಒಂದೇ ವಸ್ತು ಎಲ್ಲ ಕಡೆಯೂ ಇರಬೇಕು. ನನಗೆ ಅದೇ ವಿಚಿತ್ರ. ಒಂದು ತಂಬಿಗೆ ಖಡಕಿಯಲ್ಲೂ ಇದೆ, ಇನ್ನೆಲ್ಲೋ ಇದೆ, ಅಲ್ಲಿ ಬೋರಲು ಹಾಕಿದರೆ ಇಲ್ಲಿಯ ನೀರು ಚೆಲ್ಲುತ್ತದೆ. ಇಂಥ ತಂಬಿಗೆಯನ್ನು ನಮ್ಮ ಕಾಲದಲ್ಲಿ ಯಾರೂ ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

ಚೆಲ್ಲತೊಡಗಿತು. ಇವರು ಹಿಡಿದ ಮೀಟರುಗಳು ಮೊದಲು ಹೋದವು. ಆಮೇಲೆ ಬಸ್ಸುಗಳು. ಫೋನಿನಲ್ಲಿ ಜಾಗ ಸಾಲದೆ ಸಾಬಣ್ಣ ಹಳೆಯದರಿಂದ ಹಿಡಿದು ಅಳಿಸುತ್ತಿದ್ದಾನೆ ಎಂದು ವೀಣಾ ಹೇಳಿದಳು. "ಹೋಗ್ಲಿ ಬಿಡ್ರಿ, ಕಸ ಕಮ್ಮಿ ಆತು" ಎಂದಳು. ನಾನೂ ಹೌದೆಂದೆ. ಆದರೆ ದಿನಾ ಮಧ್ಯಾಹ್ನ ನನ್ನ ಫೋನು ತೆಗೆದು ಒಂದೇ ವಸ್ತು ಇದೆಯೋ ಇಲ್ಲವೋ ನೋಡುತ್ತಿದ್ದೆ.

ಅದು ಒಂದು ವಿಡಿಯೋ. ಹೋದ ಸಂಕ್ರಾಂತಿಯ ಮುಂಚೆ ನಾನು ಸಜ್ಜೆ ರೊಟ್ಟಿ ಬಡಿಯುವಾಗ ಇವರು ರೊಟ್ಟಿಯ ಫೋಟೋ ಹಿಡಿಯಲು ಹೋಗಿ ತಪ್ಪು ಗುಂಡಿ ಒತ್ತಿದ್ದು. ಅದರಲ್ಲಿ ಕಾಣುವುದು ನನ್ನ ಕೈ, ಹಿಟ್ಟು, ಹಂಚು. ಕೇಳುವುದು ಇವರ ದನಿ. "ಏ, ಇಲ್ಲೆ ನೋಡ... ಒತ್ತಿದ್ರ ಒತ್ತವಲ್ದು ಇದು." ನಾನು, "ನಿಮಗ ಬ್ಯಾರೆ ಕೆಲಸಿಲ್ಲೇನ್ರಿ?" ಎನ್ನುತ್ತೇನೆ. ಅವರ ಕಡೆ ತಿರುಗಿ ನೋಡುವುದಿಲ್ಲ. ಅಷ್ಟೇ. ಇವರ ದನಿ ಭೂಮಿಯ ಮೇಲೆ ಉಳಿದಿದ್ದು ಅಷ್ಟರಲ್ಲೇ. ಅದನ್ನು ಕೇಳಿ ನಾನೇನೂ ಅಳುತ್ತಿರಲಿಲ್ಲ. ಊಟವಾದ ಮೇಲೆ ಎಲೆಅಡಿಕೆ ಬೇಕಾಗುತ್ತದಲ್ಲ, ಹಾಗೆ.

ಒಂದು ದಿನ ಅದೂ ಇರಲಿಲ್ಲ.

ಮಾನ ಬಿಟ್ಟು ವೀಣಾಳಿಗೆ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ಒಳ್ಳೆಯದಾಯಿತು. ಅಳಿಸಿದ್ದೆಲ್ಲ ಕೆಲವು ದಿನ ಕಸದ ಬುಟ್ಟಿಯಲ್ಲಿ ಬಿದ್ದಿರುತ್ತದೆಂದು ಹುಡುಕಿ, ಮೇಲೆತ್ತಿ ಕೊಟ್ಟು, "ರಾತ್ರಿ ಬಂದು ಬ್ಯಾರೆ ಕಡೆ ಇಡ್ತೀನ್ರಿ" ಎಂದು ಬ್ಯಾಂಕಿಗೆ ಹೋದಳು. ಮಧ್ಯಾಹ್ನಕ್ಕೆ ಅದು ಮತ್ತೆ ಮಾಯ. ಈ ಸಲ ಬುಟ್ಟಿಯೂ ಖಾಲಿ. ಮನುಷ್ಯರು ಒಂದು ಸಲ ಹೋಗುತ್ತಾರೆ, ಅದನ್ನು ತಡೆದುಕೊಳ್ಳಬಹುದು. ಇವರು ಬಂದು ಬಂದು ಹೋಗುತ್ತಿದ್ದರು.

ಫೋನಿನಲ್ಲಿ ಇನ್ನೂ ಇದ್ದರೂ ಇರಬಹುದು ಎಂಬ ಆಸೆಯಿಂದ ಸಾಬಣ್ಣನನ್ನು ಹುಡುಕಿದೆವು. ಹುಡುಕುವುದೇನು, ಅವನ ಫೋಟೋಗಳಲ್ಲೇ ಅವನ ವಿಳಾಸವಿತ್ತು. ಬಸ್ ಸ್ಟಾಪಿನ ಬೋರ್ಡು ಓದಿ ವೀಣಾ, "ಹಡಪಸರ" ಎಂದಳು, ಊರಿನ ಇನ್ನೊಂದು ತುದಿ. ರಿಕ್ಷಾದಲ್ಲಿ ಅಲೆದು, ಆ ಇಟ್ಟಿಗೆಯ ರಾಶಿ ಕಂಡಲ್ಲಿ ಇಳಿದೆವು. ಟಿ.ವಿ.ಯೊಳಗೆ ಇಳಿದ ಹಾಗಾಯಿತು: ಅದೇ ಗೋಡೆ, ಗೋಡೆಗೆ ಅದೇ ಕೋಲು. ಅರ್ಧ ಎದ್ದ ಕಟ್ಟಡದಲ್ಲಿ ಊಟದ ಹೊತ್ತು, ಒಂದು ಸಪ್ಪಳವಿಲ್ಲ. ಇವರ ಚಪ್ಪಲಿ ನಮ್ಮ ಕಡೆ ನಡೆದು ಬಂದವು.

ನಾನು ಬಾಯಿ ತೆರೆಯುವ ಮೊದಲೇ ಸಾಬಣ್ಣ ಫೋನನ್ನು ನನ್ನ ಮುಂದೆ ಹಿಡಿದ. "ಅವ್ವಾರ, ಬೈಬ್ಯಾಡ್ರಿ. ಇದನ್ನ ತಗೊಂಡ ಹೋಗ್ರಿ. ಇದರಾಗ ಯಜಮಾನ್ರು ಅದಾರ."

"ಏನ ಅಂತೀಯೋ?"

"ಖರೇನ್ರಿ. ರೊಟ್ಟಿ ಬಡಿಯೋದು ಒಂದ ಇತ್ರಿ. ಅಳಿಸಿದೆ. ಮರದಿನ ತಾನ ತಿರುಗಿ ಬಂದು ಕುಂತಿತ್ತು! ಮೊಬೈಲ್ ಅಂಗಡಿಗೆ ಹೋಗಿ ಬುಡಸಮೇತ ತೆಗಿಸಿಬಿಟ್ಟೆ. ಆದ್ರೂ ಉಣ್ಣಾಕ ಕುಂತ್ರ ಕಿವ್ಯಾಗ ಅದ ಕೇಳ್ತದ." ಅಂಗೈಯಿಂದ ಗೋಡೆ ಬಡಿದು ತೋರಿಸಿದ, ರಪ್ ರಪ್. "ಏ, ಇಲ್ಲೆ ನೋಡ..."

ಅದೇ ಎಳೆತ, 'ನೋಡ' ಎನ್ನುವಾಗ ಅದೇ ಸಣ್ಣ ಸಿಡುಕು. ಫೋನಿನಿಂದ ಹೋಗಿದ್ದು ಈ ಮನುಷ್ಯನ ಗಂಟಲಿಗೆ ಬಂದು ಇಳಿದಿತ್ತು.

ವೀಣಾ ಅವನಿಗೆ ನಿಧಾನವಾಗಿ ಬಿಡಿಸಿ ಹೇಳಿದಳು: ಮೇಲೆತ್ತಿದ್ದು ನಾವು, ಹೆದರಿದ್ದು ನೀನು, ಫೋಟೋ ಹಿಡಿದದ್ದು ನೀನು, ಬೆವೆತದ್ದು ಅತ್ತೆ. ಅವನ ಫೋಟೋಗಳೆಲ್ಲ ನಮ್ಮ ಮನೆಯಲ್ಲಿ ಕಾಣುತ್ತವೆ ಎಂದಾಗ ಸಾಬಣ್ಣ ನಾಚಿ ಚಪ್ಪಲಿಯ ಕಾಲುಗಳನ್ನು ಒಂದರ ಹಿಂದೊಂದು ಮರೆಮಾಡಿಕೊಂಡ. "ಖಾತೆ ಈಗ ಬ್ಯಾರೆ ಮಾಡಿಬಿಡ್ತೀನಿ, ಕಾಕಾ" ಎಂದು ವೀಣಾ ಕೈಚಾಚಿದಳು.

ಅವನು ಕೊಡಲಿಲ್ಲ. "ಹಂಗಾರ ಈ ಫೋನು ಕಳದ್ರೂ ನನ್ನವು ನಿಮ್ಮ ಮನ್ಯಾಗ ಇರ್ತಾವೇನ್ರಿ? ಮೊದಲಿನ ಫೋನು ಕಳದಾಗ ನನ್ನ ಹೆಂಡ್ತಿದು ಇದ್ದ ಒಂದ ಫೋಟೋನೂ ಹೋತ್ರಿ. ಇವು ಎಲ್ಲೇ ಆಗ್ಲಿ, ಯಾರ ಕಡೆನರ ಇದ್ರ ಸಾಕು."

ಕಾಕು ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ನನಗೆ ಅವನ ಮಾತೇ ಸರಿ ಅನ್ನಿಸಿತು. ಬೀಗ ಎಷ್ಟು ಗಟ್ಟಿ ಎಂದು ಕೇಳುವವರು ಕಳೆದುಕೊಂಡವರಲ್ಲ. ಕಳೆದುಕೊಂಡವರಿಗೆ ಬೇಕಾದದ್ದು ಇನ್ನೊಂದು ಮನೆ, ಅಲ್ಲಿ ಆಗಾಗ ನೋಡುವ ಒಂದು ಕಣ್ಣು.

"ಇರ್ಲಿ ಬಿಡ ವೀಣಾ" ಎಂದೆ. "ಕೊಟ್ಟಿದ್ದು ಕೊಟ್ಟಂಗ."

"ನಿಮ್ಮ ವಿಡಿಯೋ, ಅತ್ಯಾರ?"

"ಹೋತು. ಹೋಗಿದ್ದು ಹೋತು."

ಪದ್ಧತಿಯಂತೆ ತಿರುಗಿ ನೋಡದೆ ಹೊರಟೆವು. ಗೇಟಿನ ಹತ್ತಿರ ಬಂದಿದ್ದೆವು, ಹಿಂದಿನಿಂದ ಕೇಳಿತು: "ಏ, ಇಲ್ಲೆ ನೋಡ." ಸಾಬಣ್ಣ ನನ್ನನ್ನು 'ಅವ್ವಾರ' ಎನ್ನುವವನು, 'ಏ' ಎನ್ನುವವನಲ್ಲ. ನಾನು ನಿಲ್ಲಲಿಲ್ಲ. ರಿಕ್ಷಾದಲ್ಲಿ ವೀಣಾಳನ್ನು ಕೇಳಿದೆ. ಏನೂ ಕೇಳಿಸಲಿಲ್ಲ ಎಂದಳು.

ಮರುದಿನ ಊಟವಾದ ಮೇಲೆ ಟಿ.ವಿ.ಯಲ್ಲಿ ಒಂದು ಹೆಂಗಸಿನ ಬೆನ್ನು ಬಂತು. ಗೇಟಿನ ಕಡೆ ಹೋಗುತ್ತಿದೆ, ಸ್ವಲ್ಪ ಬಲಕ್ಕೆ ವಾಲಿಕೊಂಡು. ನನ್ನ ಬೆನ್ನನ್ನು ನಾನು ಈ ವಯಸ್ಸಿನವರೆಗೆ ನೋಡಿರಲಿಲ್ಲ, ಗುರುತು ಹಿಡಿಯಲು ಹೊತ್ತು ಬೇಕಾಯಿತು. ಉಳಿದವರು ಹೋದವರನ್ನು ನೆನೆಯುವುದು ಮುಖದಿಂದ. ಹೋದವರಿಗೆ ನಾವು ಕಾಣುವುದು ಹೀಗೇ ಇರಬೇಕು, ಬರೀ ಬೆನ್ನು, ಎಷ್ಟು ಕರೆದರೂ ತಿರುಗದೆ ಮನೆಗೆಲಸಕ್ಕೆ ಹೊರಟದ್ದು.

ಸೆರಗಿನ ತುದಿ ನೆಲಕ್ಕೆ ಎಳೆಯುತ್ತಿತ್ತು. ಅದನ್ನೇ ಹೇಳಲು ಇವರು ಕರೆದಿದ್ದರೋ ಏನೋ. ಎದ್ದು ಟಿ.ವಿ.ಯ ಮುಂದೆಯೇ ಸೆರಗು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.